ಹೊನ್ನಬೊಟ್ಟಿನ ಮನೆಯ ರುದ್ರಮ್ಮ

ಹುಲ್ಲಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಬೆಣ್ಣೆ ರುದ್ರಮ್ಮನ ಮನೆ ಎಲ್ಲಿ ಎಂದು ಕೇಳಿ ನೋಡಿ. ದಾರಿ ತೋರಿಸುವುದಕ್ಕೆ ಮೊದಲು ಜನ ನಿಮ್ಮ ಕಾಲು ನೋಡುತ್ತಾರೆ. “ಸಂಬಂಧ ಮಾತಾಡಕ್ಕೆ ಬಂದ್ರಾ ಸಾ? ಅಂಗಾದ್ರೆ ಕಾಲು ಚೆನ್ನಾಗಿ ತೊಳ್ಕೊಂಡು ಓಗಿ. ಆಯಮ್ಮ ಮಕ ನೋಡಲ್ಲ, ಹಿಮ್ಮಡಿ ನೋಡ್ತಾಳೆ” ಎಂದು ಹಲ್ಲು ಕಿರಿಯುತ್ತಾರೆ. ಕಿರಿಯಲಿ ಬಿಡಿ. ಹಾಗೆ ನಕ್ಕವರ ಮನೆಯ ಹಿಮ್ಮಡಿಗಳನ್ನೂ ರುದ್ರಮ್ಮ ನೋಡಿ ಆಗಿದೆ.

ಈ ಹುಚ್ಚು ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ. ತೊಂಬತ್ತರ ದಶಕದಲ್ಲಿ, ಅವಳಿಗೆ ನಲವತ್ತರ ಆಸುಪಾಸು ಇದ್ದಾಗ, ಅವಳು ನೋಡುತ್ತಿದ್ದದ್ದು ಬೆಣ್ಣೆಯನ್ನು ಮಾತ್ರ. ಸಂತೆಯ ದಿನ ಸುತ್ತಲ ಊರಿನ ಹೆಂಗಸರು ತಂದ ಬೆಣ್ಣೆಯನ್ನು ಕೊಳ್ಳುವುದು, ಮನೆಯಲ್ಲಿ ಕಾಯಿಸುವುದು, ಕ್ಯಾನಿಗೆ ತುಂಬಿ ನಂಜನಗೂಡಿನ ಹೋಟೆಲುಗಳಿಗೆ ಬಸ್ಸಿನಲ್ಲಿ ಒಯ್ದು ಕೊಡುವುದು, ಇದು ಅವಳ ಕಸುಬು. ಬೆಣ್ಣೆ ಉಂಡೆಯನ್ನು ಹೆಬ್ಬೆರಳಿನಲ್ಲಿ ಒತ್ತಿ, ಮೂಸಿ, “ಏನವ್ವಾ, ಬೆಣ್ಣೆ ಜೊತೇಲಿ ನಿಮ್ಮೂರ ನಾಲೆ ನೀರ್ಗೂ ನಾನು ದುಡ್ಡು ಕೊಡ್ಬೇಕಾ?” ಎಂದು ಸಂತೆಗೆಲ್ಲ ಕೇಳುವ ಹಾಗೆ ಕೇಳುವಳು. ಮನಸ್ಸಿನಲ್ಲಿ ಬಂದದ್ದು ಬಾಯಲ್ಲಿ ಬರಬೇಕು, ತಡ ಆಗಬಾರದು. ಬಸ್ಸು ಹತ್ತಿದರೆ ಹುಲ್ಲಹಳ್ಳಿಯಿಂದ ನಂಜನಗೂಡಿನವರೆಗೆ ಅವಳದೇ ಮಾತು. ಕಂಡಕ್ಟರು ಸ್ಟಾಪು ಕೂಗುವುದಕ್ಕೂ ಅವಳು ಉಸಿರು ಎಳೆದುಕೊಳ್ಳುವುದನ್ನೇ ಕಾಯಬೇಕಿತ್ತು.

ಇಷ್ಟು ತುಪ್ಪ ಕಾಯಿಸುವ ರುದ್ರಮ್ಮ ತಾನು ಮಾತ್ರ ಒಂದು ತೊಟ್ಟು ತುಪ್ಪ ಮುಟ್ಟುವವಳಲ್ಲ. ಕಾಯಿಸಿ ಕಾಯಿಸಿ ಆ ವಾಸನೆಗೇ ಅವಳ ಹೊಟ್ಟೆ ತುಂಬಿರುತ್ತಿತ್ತು. ಮೈಯಲ್ಲಿ ಚೂರು ಬೊಜ್ಜಿಲ್ಲ, ಬಿದಿರುಕಡ್ಡಿಯಂಥ ಹೆಂಗಸು. ಅವಳ ಪಾಲಿನ ತುಪ್ಪವನ್ನೂ ಸೇರಿಸಿ ಉಣ್ಣುತ್ತಿದ್ದವನು ಗಂಡ ಪುಟ್ಟಬಸವಯ್ಯ. ಹಿಟ್ಟಿನ ಮಿಲ್ಲು ಇಟ್ಟುಕೊಂಡಿದ್ದ ಆತ ಭಾರಿ ಆಳು. ಮುದ್ದೆಯ ನಡುವೆ ಗುಳಿ ಮಾಡಿ ತುಪ್ಪ ಹೊಯ್ದುಕೊಂಡು, ಗುಳಿ ಚಿಕ್ಕದಾಯಿತೆಂದು ಮತ್ತೆ ಬೆರಳು ಹಾಕಿ ದೊಡ್ಡದು ಮಾಡಿಕೊಳ್ಳುತ್ತಿದ್ದ. “ಇವ್ರೇ, ಅದು ಮುದ್ದೆನಾ ಬಾವಿನಾ?” ಎಂದು ರುದ್ರಮ್ಮ ಬೈದರೆ, “ಬೆಣ್ಣೆ ಯಾಪಾರದೋಳ್ನ ಕಟ್ಕೊಂಡು ಒಣ ಮುದ್ದೆ ಉಂಡ್ರೆ ನಿಂಗೇ ಅವಮಾನ ಕಣೆ” ಎನ್ನುತ್ತಿದ್ದ.

ರುದ್ರಮ್ಮನ ತವರು ತಿ. ನರಸೀಪುರ ತಾಲ್ಲೂಕಿನಲ್ಲಿ, ಸೋಮನಾಥಪುರದ ಮಗ್ಗುಲ ಒಂದು ಹಳ್ಳಿ. ಆ ಮನೆಗೆ ಹೊನ್ನಬೊಟ್ಟಿನ ಮನೆ ಎಂದೇ ಹೆಸರು. ಅವರಲ್ಲಿ ಕೆಲವರಿಗೆ ಕಣ್ಣಿನ ಮೂಲೆಯಲ್ಲಿ, ಮೂಗಿನ ಪಕ್ಕಕ್ಕೆ, ಅರಿಶಿನ ಮೆತ್ತಿದಂಥ ಹಳದಿ ಬೊಟ್ಟು ಮೂಡುತ್ತಿತ್ತು. ಮುಟ್ಟಿದರೆ ನೋವಿಲ್ಲ, ತೊಳೆದರೆ ಹೋಗುವುದಿಲ್ಲ. ಈ ಬೊಟ್ಟಿದ್ದ ಹೆಣ್ಣು ಕಾಲಿಟ್ಟ ಮನೆ ಬೆಳಗುತ್ತದೆ ಎಂದು ಅವರ ನಂಬಿಕೆ. ಅದೃಷ್ಟ ಮನೆಬಿಟ್ಟು ಹೋಗಬಾರದಲ್ಲ! ಅದಕ್ಕೇ ಬೊಟ್ಟಿದ್ದ ಹೆಣ್ಣುಮಕ್ಕಳನ್ನು ಆದಷ್ಟೂ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ತಂದುಕೊಳ್ಳುತ್ತಿದ್ದರು. ಬೊಟ್ಟಿದ್ದವರ ಹಿಮ್ಮಡಿಯ ಮೇಲಿನ ನರ ಹಗ್ಗದ ಹಾಗೆ ದಪ್ಪಗಿರುತ್ತಿತ್ತು. ಅದಕ್ಕೂ ಒಂದು ಹೊಗಳಿಕೆಯಿತ್ತು. ದುಡಿಯುವ ಕಾಲು ಎನ್ನುತ್ತಿದ್ದರು.

ಆದರೆ ಆ ಮನೆಯಲ್ಲಿ ಗಂಡಸರು ಬಾಳುತ್ತಿರಲಿಲ್ಲ. ರುದ್ರಮ್ಮನ ಅಪ್ಪ ನಲವತ್ತು ದಾಟಿದ ವರ್ಷವೇ ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಯಾರದೋ ಕಣ್ಣು ಬಿತ್ತು ಎಂದರು. ಚಿಕ್ಕಪ್ಪ ಮದುವೆಯೊಂದರಲ್ಲಿ ಎಲೆಯ ಮುಂದೆಯೇ ಒರಗಿದ. ತುಪ್ಪ ಹೆಚ್ಚಾಯಿತು ಎಂದರು. ಅಣ್ಣ ನಲವತ್ತನ್ನು ಮುಟ್ಟಲೇ ಇಲ್ಲ. ಅವನಿಗೆ ಮನೋವ್ಯಥೆ ಎಂದರು. ಅವನಿಗೇನು ವ್ಯಥೆ ಇತ್ತೋ ಶಿವನಿಗೇ ಗೊತ್ತು, ಸತ್ತ ದಿನ ಬೆಳಿಗ್ಗೆ ಇಸ್ಪೀಟಿನಲ್ಲಿ ಗೆದ್ದು ಬಂದಿದ್ದ. ಹೀಗೆ ಪ್ರತಿಯೊಂದು ಸಾವಿಗೂ ಒಂದೊಂದು ಕಾರಣ ಸಿಕ್ಕಿಬಿಡುತ್ತಿತ್ತು. ಎಲ್ಲಕ್ಕೂ ಒಂದೇ ಕಾರಣ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಉಳಿದಿದ್ದವನು ಕಿರಿಯ ತಮ್ಮ ಮಲ್ಲಿಕಾರ್ಜುನ್ ಒಬ್ಬನೇ. ಅವನದು ಆಲೆಮನೆ. ಕಬ್ಬು ಅರೆದು ಬೆಲ್ಲ ಕಾಯಿಸಿ, ತನ್ನದೇ ಟೆಂಪೋದಲ್ಲಿ ನಂಜನಗೂಡಿಗೆ ತಂದು ಮಾರುತ್ತಿದ್ದ. ಬೆಲ್ಲದ ಮೂಟೆಯನ್ನು ಹೆಗಲಿಗೆ ಎಸೆದುಕೊಂಡು ಸಿಳ್ಳೆ ಹಾಕುತ್ತಾ ನಡೆಯುವ ಜಟ್ಟಿ. ರುದ್ರಮ್ಮನ ತಾಯಿ ಮಲ್ಲಾಜಮ್ಮ ಸಾಯುವ ಮುಂಚೆ ಮಗಳ ಕೈ ಹಿಡಿದು ಭಾಷೆ ತೆಗೆದುಕೊಂಡಿದ್ದಳು: “ನಿನ್ನ ಮಗಳು ರಮ್ಯನ್ನ ಮಲ್ಲಿಗೇ ಕೊಡವ್ವ. ಆ ಮಗೀಗೂ ಬೊಟ್ಟು ಮೂಡೋ ಲಕ್ಷಣ ಐತೆ. ನಮ್ಮನೆ ಬೆಳಕು ನಮ್ಮನೇಲೇ ಇರ್ಲಿ.” ರುದ್ರಮ್ಮನಿಗೂ ಅದೇ ಬೇಕಾಗಿತ್ತು. ತವರಿನ ಬಾಗಿಲು ತನಗೆ ಎಂದೆಂದಿಗೂ ತೆರೆದಿರಬೇಕು ಎಂಬುದು ಅವಳ ಆಸೆ. ಮಗಳೇ ಅಲ್ಲಿ ಒಡತಿಯಾದರೆ ಇನ್ನೇನು ಬೇಕು?

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಯುಗಾದಿ. ಪುಟ್ಟಬಸವಯ್ಯ ಒಬ್ಬಟ್ಟು ಉಂಡು ಮಲಗಿದವನು ಮಧ್ಯಾಹ್ನ ಎದ್ದು “ಎದೆ ಇಡ್ಕತೈತೆ ಕಣೆ” ಎಂದ. ಅಷ್ಟೇ, ರುದ್ರಮ್ಮ ಅಂಗಳಕ್ಕೆ ಓಡಿ ತಮ್ಮನನ್ನು ಕೂಗಿದಳು. ಎದೆ ಎಂಬ ಮಾತು ಅವಳ ತವರಿನಲ್ಲಿ ಯಾರ ಬಾಯಲ್ಲಿ ಬಂದರೂ ಸಂಜೆಗೆ ಹೆಣ ಎತ್ತಿದ್ದರು. ಹಬ್ಬಕ್ಕೆಂದು ಬಂದಿದ್ದ ಮಲ್ಲಿಕಾರ್ಜುನ್ ಭಾವನನ್ನು ಟೆಂಪೋಗೆ ಹತ್ತಿಸಿಕೊಂಡ, ರುದ್ರಮ್ಮನೂ ರಮ್ಯಳೂ ಹತ್ತಿದರು. ನಂಜನಗೂಡಿನಲ್ಲಿ ಡಾಕ್ಟರು ಇಂದ್ರಾಣಿಯ ಕ್ಲಿನಿಕ್ಕು ಹಬ್ಬದ ದಿನವೂ ತೆರೆದಿತ್ತು.

ಇಂದ್ರಾಣಿ ಅದೇ ಊರಿನ ಹುಡುಗಿ, ಮೈಸೂರಿನಲ್ಲಿ ಓದಿ ಬಂದವಳು. ಇಸಿಜಿ ತೆಗೆದು, ಹೊಟ್ಟೆ ಒತ್ತಿ ನೋಡಿ, “ಎಷ್ಟು ಒಬ್ಬಟ್ಟು ತಿಂದ್ರಿ?” ಎಂದಳು. ಪುಟ್ಟಬಸವಯ್ಯ ಗೋಡೆ ನೋಡಿದ. “ಎಣಿಸ್ದೋರು ಯಾರು ಡಾಕ್ಟ್ರಮ್ಮ, ತಟ್ಟೋಳ ಕೈ ಸೋತು ಓಯ್ತು” ಎಂದಳು ರುದ್ರಮ್ಮ. “ಇವರ ಹಾರ್ಟು ಚೆನ್ನಾಗಿದೆ. ಇದು ಗ್ಯಾಸು” ಎಂದು ಡಾಕ್ಟರು ನಕ್ಕಳು. ರುದ್ರಮ್ಮ ಉಸಿರು ಬಿಟ್ಟು, ಗಂಡನನ್ನು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಡಾಕ್ಟರು ಅವಳ ಮುಖವನ್ನೇ ನೋಡುತ್ತಾ, “ನೀವು ಸ್ವಲ್ಪ ಈ ಕಿಟಕಿ ಹತ್ತಿರ ಬನ್ನಿ” ಎಂದಳು.

ರುದ್ರಮ್ಮ ಹಿಗ್ಗಿದಳು. ಬೊಟ್ಟನ್ನು ನೋಡಿ ಹೊಗಳುವವರು ಅವಳಿಗೆ ಹೊಸಬರಲ್ಲ. “ಹೊನ್ನಬೊಟ್ಟು ಕಣಮ್ಮ. ನಮ್ಮ ತವರಿನ ಗುರ್ತು. ನನ್ನ ಮಗೀಗೂ ಹೋದ ವರ್ಷ ಬಂತು ನೋಡಿ” ಎಂದು ರಮ್ಯಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಡಾಕ್ಟರು ಅವರಿಬ್ಬರ ಹಿಮ್ಮಡಿಯನ್ನೂ ಮುಟ್ಟಿ ನೋಡಿದಳು, ಬಾಗಿಲಲ್ಲಿ ನಿಂತಿದ್ದ ಮಲ್ಲಿಕಾರ್ಜುನನ ಹಿಮ್ಮಡಿಯನ್ನೂ ಮುಟ್ಟಿ ನೋಡಿದಳು. ನಿಮ್ಮ ತಂದೆ ಯಾವ ವಯಸ್ಸಿಗೆ ಹೋದರು, ಅಣ್ಣ ಯಾವ ವಯಸ್ಸಿಗೆ ಹೋದರು ಎಂದು ಕೇಳಿದಳು. ನಾಳೆ ನಾಲ್ಕೂ ಜನ ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ ಎಂದಳು.

ಮಲ್ಲಿಕಾರ್ಜುನನಿಗೆ ಇದು ಭಾರಿ ತಮಾಷೆ. “ಭಾವ, ಪಂದ್ಯ ಕಟ್ಟಣ. ಯಾರ ರಕ್ತದಲ್ಲಿ ಕೊಬ್ಬು ಜಾಸ್ತಿನೋ ಅವ್ರು ಎಲ್ರಿಗೂ ಮಸಾಲೆ ದೋಸೆ ಕೊಡಿಸ್ಬೇಕು.” ಪುಟ್ಟಬಸವಯ್ಯ ತನ್ನ ಹೊಟ್ಟೆ ನೋಡಿಕೊಂಡು, ಬಾಮೈದನ ಕಡೆದಂಥ ಮೈ ನೋಡಿ, ಮುಖ ಸಪ್ಪಗೆ ಮಾಡಿಕೊಂಡ. ಮರುದಿನ ರಕ್ತ ಕೊಟ್ಟಮೇಲೆ ದೋಸೆಯ ದುಡ್ಡನ್ನು ಮುಂಗಡವಾಗಿಯೇ ಕೊಟ್ಟುಬಿಟ್ಟ.

ಫಲಿತಾಂಶ ಬಂದ ದಿನ ಮಲ್ಲಿಕಾರ್ಜುನ್ ಇರಲಿಲ್ಲ, ಆಲೆಮನೆಯಲ್ಲಿ ಕೊಪ್ಪರಿಗೆ ಇಟ್ಟಿದ್ದ. ಗಂಡ ಹೆಂಡತಿ ಮಗಳು ಮೂವರೇ ಹೋದರು. ಪುಟ್ಟಬಸವಯ್ಯನ ರಕ್ತ ಶುದ್ಧವಾಗಿತ್ತು. ರುದ್ರಮ್ಮನದು, ರಮ್ಯಳದು, ಮಲ್ಲಿಕಾರ್ಜುನನದು, ಮೂರರಲ್ಲೂ ಕೊಬ್ಬು ಇರಬೇಕಾದದ್ದರ ಎರಡರಷ್ಟು. ಎಲ್ಲರಿಗಿಂತ ಹೆಚ್ಚು ಮಲ್ಲಿಕಾರ್ಜುನನದೇ.

“ಮಿಷಿನ್ನು ಕೆಟ್ಟಿರ್ಬೇಕು” ಎಂದಳು ರುದ್ರಮ್ಮ. “ಲಿಂಗ ಕಟ್ಕೊಂಡೋರು ನಾವು, ಮೊಟ್ಟೆ ಮಾಂಸ ಮನೆ ಒಳಕ್ಕೇ ಬರಲ್ಲ. ನಾನು ತುಪ್ಪನೂ ಮುಟ್ಟಲ್ಲ. ಇವ್ರ ನೋಡಿ, ತುಪ್ಪದಲ್ಲೇ ಈಜಾಡ್ತಾರೆ!”

“ಊಟದಿಂದ ಬಂದಿದ್ದಲ್ಲ ಅಮ್ಮ, ನಿಮ್ಮ ತಂದೆಯಿಂದ ಬಂದಿದ್ದು” ಎಂದಳು ಡಾಕ್ಟರು. “ರಕ್ತದಲ್ಲಿ ಕೊಬ್ಬು ಎಲ್ಲರಿಗೂ ಇರುತ್ತೆ. ಅದನ್ನ ಎಳೆದು ತೆಗೆಯೋ ಕೆಲಸ ಲಿವರ್‌ದು. ನಿಮ್ಮ ತವರಿನವರಲ್ಲಿ ಆ ಕೆಲಸ ಅರ್ಧಕ್ಕರ್ಧ ಆಗಲ್ಲ, ಹುಟ್ಟಿದಾಗಿನಿಂದಲೇ. ತೆಗೆಯದೆ ಉಳಿದಿದ್ದು ಹೃದಯದ ರಕ್ತನಾಳದಲ್ಲಿ ಕೂರುತ್ತೆ, ಹಿಮ್ಮಡಿ ನರದಲ್ಲಿ ಕೂರುತ್ತೆ, ಕಣ್ಣಿನ ಹತ್ತಿರ ಕೂರುತ್ತೆ. ನಿಮ್ಮ ಹೊನ್ನಬೊಟ್ಟು ಅದೇ. ಗಂಡಸರಿಗೆ ಬೇಗ ತೊಂದರೆ ಕೊಡುತ್ತೆ, ಹೆಂಗಸರಿಗೆ ಸ್ವಲ್ಪ ತಡವಾಗಿ. ಹೆದರಬೇಡಿ, ಈಗ ಇದಕ್ಕೆ ಒಳ್ಳೆ ಮಾತ್ರೆ ಬಂದಿದೆ. ದಿನಾ ತಗೊಂಡ್ರೆ ನಿಮ್ಮ ತಮ್ಮ ನೂರು ವರ್ಷ ಬಾಳಬಹುದು.”

ಅಪ್ಪ, ಚಿಕ್ಕಪ್ಪ, ಅಣ್ಣ, ಮೂವರ ಮುಖಗಳೂ ರುದ್ರಮ್ಮನ ಕಣ್ಣ ಮುಂದೆ ಬಂದು ನಿಂತವು. ದೃಷ್ಟಿಯಂತೆ, ತುಪ್ಪವಂತೆ, ವ್ಯಥೆಯಂತೆ! ಸಿಟ್ಟೂ ಬಂತು, ಅಳುವೂ ಬಂತು. ಆದರೂ ಮಾತ್ರೆ ಇದೆಯಲ್ಲ ಎಂದು ಸಮಾಧಾನವಾಗಿ, ಎಂದಿನ ಧಾಟಿಗೆ ಬಂದಳು. “ಅಂಗಾದ್ರೆ ಚಿಂತೆ ಬಿಡಿ. ಡಾಕ್ಟ್ರಮ್ಮ, ಬರೋ ವೈಶಾಖದಲ್ಲಿ ಇವ್ಳಿಗೂ ನನ್ ತಮ್ಮಂಗೂ ಮದ್ವೆ. ನೀವು ಬಂದು ಅಕ್ಷತೆ ಹಾಕ್ಲೇಬೇಕು.”

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು. “ಈ ಮದುವೆ ಮಾಡಬೇಡಿ ಅಮ್ಮ” ಎಂದಳು. “ಒಬ್ಬರ ಕಡೆಯಿಂದ ಬಂದ್ರೆ ಮಾತ್ರೇಲಿ ಹಿಡಿಯಬಹುದು. ಇದು ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬಂದ ಮಗು ಸ್ಲೇಟು ಹಿಡಿಯೋ ವಯಸ್ಸಿಗೇ ಎದೆ ಹಿಡ್ಕೊಂಡು ಕೂರುತ್ತೆ. ಹುಟ್ಟೋ ಮಕ್ಕಳಿಗೆಲ್ಲ ಹಾಗಾಗಲ್ಲ, ನಾಲ್ಕರಲ್ಲಿ ಒಂದಕ್ಕೆ ಆಗಬಹುದು. ಆ ಒಂದು ಮಗು ಯಾವುದು ಅಂತ ನಾನು ಹೇಳಲಾರೆ.”

ಅವತ್ತು ಬಸ್ಸಿನಲ್ಲಿ ರುದ್ರಮ್ಮ ಹುಲ್ಲಹಳ್ಳಿಯವರೆಗೂ ಬಾಯಿ ಬಿಡಲಿಲ್ಲ. ಕಂಡಕ್ಟರು ಎರಡು ಸಲ ಬಂದು, “ಮೈಗೆ ಉಸಾರಿಲ್ವಾ ಅಕ್ಕಾ?” ಎಂದು ಕೇಳಿ ಹೋದ. ರಮ್ಯ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಅವಳಿಗೆ ಮಾವನೆಂದರೆ ಪ್ರಾಣ. ಹಾಗೆಂದು ಕಟ್ಟಿಕೊಳ್ಳುವ ಗಂಡನಾಗಿ ಅವನನ್ನು ಅವಳು ಎಂದೂ ಯೋಚಿಸಿರಲಿಲ್ಲ, ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವನು. ಮದುವೆ ಇಲ್ಲವೆಂದರೆ ಅವಳಿಗೇನೂ ಆಕಾಶ ಕಳಚಿ ಬೀಳುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಪುಟ್ಟಬಸವಯ್ಯ ಮೆಲ್ಲಗೆ ಎಂದ: “ಮಲ್ಲಿಗೆ ಅವನ ವಿಚಾರ ಅಷ್ಟೇ ಯೋಳು. ರಮ್ಯಂದು ಬ್ಯಾಡ. ಅವ್ನು ಬಾಯಿ ತಪ್ಪಿ ಯಾರ್ಗಾದ್ರೂ ಅಂದ್ರೆ, ರಕ್ತ ಕೆಟ್ಟೋಳು ಅಂತ ಮುದ್ರೆ ಒತ್ತಿಬಿಡ್ತಾರೆ. ಹೆಣ್ಣು ಮಗ ಕಣೆ. ಯಾರು ತಿರುಗಿ ನೋಡ್ತಾರೆ?” ರಮ್ಯ, “ಮಾವಂಗೆ ಯೋಳದೆ ಇರೋದು ತಪ್ಪು ಕಣವ್ವ” ಎಂದಳು. ರುದ್ರಮ್ಮ ಗಂಡನ ಮಾತು ಹಿಡಿದಳು. ಜನ್ಮದಲ್ಲಿ ಒಂದು ಮಾತನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳದವಳು, ಇಟ್ಟುಕೊಳ್ಳಬಾರದಿದ್ದ ಮಾತನ್ನೇ ಇಟ್ಟುಕೊಂಡಳು.

ವಾರದಲ್ಲಿ ಮಲ್ಲಿಕಾರ್ಜುನ್ ಬಂದ. ರುದ್ರಮ್ಮ ಮಾತ್ರೆಯ ಶೀಟು ಮುಂದಿಟ್ಟು, ನಿನ್ನ ರಕ್ತದಲ್ಲಿ ಹೀಗೆ ಹೀಗೆ, ಅದಕ್ಕೆ ಮದುವೆ ಬೇಡ ಎಂದಿದ್ದಾರೆ ಎಂದು ತಲೆ ತಗ್ಗಿಸಿಕೊಂಡು ಒಪ್ಪಿಸಿದಳು. ಅವನು ಮೊದಲು ನಕ್ಕ. ಆಮೇಲೆ ನಗು ನಿಂತಿತು.

“ಅಂದ್ರೆ ನಾನೂ ಅಣ್ಣನಂಗೆ ಸಾಯೋನು. ಸಾಯೋನಿಗೆ ಯಾಕೆ ಮಗಳ್ನ ಕೊಟ್ಟು ಮುಂಡೆ ಮಾಡ್ಲಿ ಅಂತ. ಅಷ್ಟೇ ತಾನೆ ಅಕ್ಕ?”

“ಅಂಗಲ್ಲ ಕಣೋ ಮಲ್ಲಿ...”

“ಮತ್ತೆಂಗೆ? ಯೋಳು.”

ಒಂದೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅದು ಗಂಟಲವರೆಗೂ ಬಂತು. ರುದ್ರಮ್ಮ ಒಳಗೆ ಪಾತ್ರೆ ತೊಳೆಯುತ್ತಿದ್ದ ಮಗಳ ಕಡೆ ನೋಡಿದಳು, ನುಂಗಿಕೊಂಡಳು. ಮಲ್ಲಿಕಾರ್ಜುನ್ ಮಾತ್ರೆಯ ಶೀಟನ್ನು ಜಗಲಿಯ ಮೇಲೆ ಬಿಸಾಡಿ, “ಇದನ್ನ ನೀನೇ ಇಟ್ಕೊ. ಈ ಮನೆ ಬಾಗಿಲಿಗೆ ಇನ್ನು ನಾನು ಬರಲ್ಲ” ಎಂದು ಟೆಂಪೋ ಹತ್ತಿದ. ಬಾಯಿ ಹೋದ ಹೆಂಗಸಿನ ಹಾಗೆ ರುದ್ರಮ್ಮ ಹೊಸ್ತಿಲಲ್ಲೇ ನಿಂತಳು.

ಅವನು ಬರಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ದೀಪಾವಳಿಗೆ ಬೆಲ್ಲ ಬರಲಿಲ್ಲ. ರುದ್ರಮ್ಮ ಡಾಕ್ಟರು ಹೇಳಿದ ಹಾಗೆ ತನ್ನ ಮಾತ್ರೆ ನುಂಗುವಾಗೆಲ್ಲ, ಅಲ್ಲಿ ಅವನು ನುಂಗುತ್ತಿಲ್ಲವಲ್ಲ ಎಂದು ಸಂಕಟಪಡುತ್ತಿದ್ದಳು. ಎಲ್ಲಾದರೂ ದೂರದಲ್ಲಿ ಟೆಂಪೋ ಸದ್ದಾದರೆ ಬೆಣ್ಣೆ ತೂಗುತ್ತಿದ್ದ ತಕ್ಕಡಿ ಬಿಟ್ಟು ಏಳುತ್ತಿದ್ದಳು. ಸಂತೆಯ ಹೆಂಗಸರಿಗೆ ಅವಳ ಬೈಗುಳವಿಲ್ಲದೆ ವ್ಯಾಪಾರವೇ ರುಚಿಸದಂತಾಯಿತು.

ಇಷ್ಟರಲ್ಲಿ ಕಳಲೆಯಿಂದ ರಮ್ಯಳನ್ನು ನೋಡಲು ಬಂದರು. ಹುಡುಗ ಗುರುಮಲ್ಲೇಶ ಹಾಲಿನ ಡೇರಿಯಲ್ಲಿ ಸೆಕ್ರೆಟರಿ, ಸಾಧು. ಮನೆಯ ಯಜಮಾನಿಕೆ ಅವನ ಅಜ್ಜಿ ಪುಟ್ಟಗೌರಮ್ಮನದು. ಅಜ್ಜಿಗೆ ರಮ್ಯ ಹಿಡಿಸಿದಳು. ರುದ್ರಮ್ಮ ಎಲೆ ಅಡಿಕೆಯ ತಟ್ಟೆ ಮುಂದಿಟ್ಟಾಗ ಅಜ್ಜಿ ಮಾತ್ರ ಕೈ ಹಿಂದೆ ಎಳೆದುಕೊಂಡಳು. “ಸೋದರಮಾವ ಎಲ್ಲವ್ವಾ? ಹೆಣ್ಣಿನ ಮೇಲೆ ಮೊದಲ್ನೇ ಹಕ್ಕು ಅವಂದು. ಅವ್ನು ಕೈಯಾರೆ ವೀಳ್ಯ ಕೊಡದೆ ನಾವು ಎಂಗೆ ಒಪ್ಕಳಣ? ಮುಂದಿನ್ ಸೋಮಾರ ಬತ್ತೀವಿ, ಅವನ್ನ ಕರ್ಸು.”

ಮರುದಿನವೇ ರುದ್ರಮ್ಮ ಬಸ್ಸು ಬದಲಾಯಿಸಿ ಬದಲಾಯಿಸಿ ತವರಿಗೆ ಹೋದಳು. ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು. ಮಲ್ಲಿಕಾರ್ಜುನ್ ಅಕ್ಕನನ್ನು ಕಂಡೂ ಕಾಣದವನಂತೆ, ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದ ಆಳಿಗೆ, “ಯಾರೋ ಬಂದವ್ರೆ, ಕಬ್ಬಿನಾಲು ಕೊಡ್ಲಾ” ಎಂದ. ಅಷ್ಟು ಹೇಳಿ ಬೆಲ್ಲದ ಮೂಟೆ ಎತ್ತಿ ಹೆಗಲಿಗೆ ಹಾಕಿಕೊಂಡ. ಟೆಂಪೋದವರೆಗೆ ಹೋಗಲಿಲ್ಲ. ನಡುವೆ ನಿಂತು, ಮೂಟೆ ಇಳಿಸಿ, ಅಂಗೈಯಿಂದ ಎದೆಯನ್ನು ಒಂದು ಸಲ ತಿಕ್ಕಿಕೊಂಡ. ಸಿಳ್ಳೆ ಇರಲಿಲ್ಲ.

ಅಣ್ಣನೂ ಹೀಗೆಯೇ ತಿಕ್ಕಿಕೊಳ್ಳುತ್ತಿದ್ದ. ರುದ್ರಮ್ಮನಿಗೆ ಮಗಳೂ ಮರೆತುಹೋದಳು, ಕಳಲೆಯವರೂ ಮರೆತುಹೋದರು. “ನಂಗೂ ಐತೆ ಕಣೋ!” ಎಂದು ಆಲೆಮನೆ ಹಾರಿಹೋಗುವಂತೆ ಕೂಗಿದಳು. “ನಂಗೂ ಐತೆ, ರಮ್ಯಂಗೂ ಐತೆ! ನೀನು ಸಾಯ್ತೀಯ ಅಂತ ಅಲ್ಲ ಕಣೋ ಮುಂಡೇದೆ, ನೀವಿಬ್ರೂ ಕೂಡುದ್ರೆ ಹುಟ್ಟೋ ಮಗ ಸಾಯ್ತೈತೆ ಅಂತ! ನಿನ್ನ ಕೈಲಿ ಯೋಳ್ನಿಲ್ಲ ನಾನು. ಹೆಣ್ಣು ಮಗ, ಎಸರು ಕೆಡ್ತದೆ ಅಂತ ಮುಚ್ಚಿಟ್ಟೆ.” ಸೆರಗಿನ ಗಂಟು ಬಿಚ್ಚಿ ತನ್ನ ಮಾತ್ರೆಯ ಶೀಟು ತೆಗೆದು, ಒಂದನ್ನು ಬಾಯಿಗೆ ಹಾಕಿಕೊಂಡು, ಆಳು ತಂದ ಕಬ್ಬಿನ ಹಾಲಿನಲ್ಲೇ ನುಂಗಿದಳು. “ನೋಡು. ದಿನಾ ನುಂಗ್ತೀನಿ. ನೀನೂ ನುಂಗೋ. ನಿನ್ ಕಾಲಿಗೆ ಬೀಳ್ತೀನಿ.”

ಮಲ್ಲಿಕಾರ್ಜುನ್ ಮೂಟೆಯ ಮೇಲೆ ಕೂತ.

“ಆ ಮಗೂನ ಎಗಲ ಮೇಲೆ ಒತ್ತು ತಿರುಗಿದ್ದು ನಾನು” ಎಂದ. “ನಾನು ಊರಿಗೆಲ್ಲ ಸಾರ್ಕೊಂಡು ಬತ್ತಿದ್ನಾ ಅಕ್ಕ? ಇಷ್ಟು ತಿಂಗ್ಳು ನಾನು ಏನೇನ್ ಅನ್ಕೊಂಡೆ ಗೊತ್ತಾ? ನಮ್ಮಕ್ಕಂಗೂ ನಾನು ಆಗ್ಲೇ ಎಣ ಆದೆ ಅನ್ಕೊಂಡೆ.”

ರುದ್ರಮ್ಮ ಅತ್ತಳು. ಅವನೂ ಅತ್ತ. ಆಳು ಏನು ಮಾಡಬೇಕೋ ತಿಳಿಯದೆ ಇಬ್ಬರಿಗೂ ಇನ್ನೊಂದು ಲೋಟ ಕಬ್ಬಿನ ಹಾಲು ತಂದು ಕೊಟ್ಟ.

“ಬತ್ತೀನಿ. ವೀಳ್ಯ ಕೊಡ್ತೀನಿ. ಮಾತ್ರೆನೂ ನುಂಗ್ತೀನಿ” ಎಂದ ಮಲ್ಲಿಕಾರ್ಜುನ್ ಕಣ್ಣೊರೆಸಿಕೊಂಡು. “ಆದ್ರೆ ಒಂದು. ಆ ಕಳಲೆಯವ್ರಿಗೆ ಎಲ್ಲಾನೂ ಯೋಳ್ಬೇಕು. ನಂಗೆ ಮುಚ್ಚಿಟ್ಟಂಗೆ ಅವ್ರಿಗೂ ಮುಚ್ಚಿಟ್ರೆ ನಾನು ಆ ತಟ್ಟೆ ಮುಟ್ಟಲ್ಲ.”

ಹೇಳಿದರೆ ಮಗಳ ಸಂಬಂಧ ಮುರಿಯಬಹುದು, ಹೇಳದಿದ್ದರೆ ತಮ್ಮನನ್ನು ಮತ್ತೆ ಕಳೆದುಕೊಳ್ಳಬೇಕು. ಊರು ಸೇರುವವರೆಗೂ ಬಸ್ಸಿನಲ್ಲಿ ಶಿವಶಿವಾ ಎನ್ನುತ್ತಾ ಕೂತಿದ್ದಳು. ಮನೆಗೆ ಬಂದು ಹೇಳಿದರೆ ಪುಟ್ಟಬಸವಯ್ಯ ತಲೆಯ ಮೇಲೆ ಕೈ ಹೊತ್ತುಕೊಂಡ. ರಮ್ಯ ಮಾತ್ರ, “ಮಾವ ಸರಿಯಾಗೇ ಯೋಳವ್ನೆ. ಮುಚ್ಚಿಟ್ಟು ಓಗಿ ಅಲ್ಲಿ ದಿನಾ ಮಾತ್ರೆನ ಅಕ್ಕಿ ಡಬ್ಬದಲ್ಲಿ ಬಚ್ಚಿಡ್ಲಾ ನಾನು?” ಎಂದಳು.

ಸೋಮವಾರ ಬಂತು. ಕಳಲೆಯವರು ಬಂದರು, ಉಪ್ಪಿಟ್ಟು ಕೇಸರಿಬಾತು ಹಂಚಿ ಆಯಿತು. ಮಲ್ಲಿಕಾರ್ಜುನ್ ತಟ್ಟೆಯ ಪಕ್ಕದಲ್ಲಿ ಕೈಕಟ್ಟಿ ಕೂತು ಅಕ್ಕನ ಮುಖವನ್ನೇ ನೋಡುತ್ತಿದ್ದ. ರುದ್ರಮ್ಮ ನಡುಮನೆಯ ಕಂಬ ಹಿಡಿದುಕೊಂಡು ಶುರು ಮಾಡಿದಳು. ಅಪ್ಪ, ಚಿಕ್ಕಪ್ಪ, ಅಣ್ಣ, ಬೊಟ್ಟು, ಹಿಮ್ಮಡಿ, ಲಿವರು, ಮಾತ್ರೆ. ಒಂದನ್ನೂ ಬಿಡಲಿಲ್ಲ. “ನನ್ನ ಮಗೀಗೂ ಐತೆ. ದಿನಾ ಮಾತ್ರೆ ತಗಬೇಕು, ಬಸುರಾಗೋವಾಗ ನಿಲ್ಲಿಸ್ಬೇಕು, ಹೆತ್ತು, ಮೊಲೆ ಬಿಡಿಸಿದ್ಮೇಲೆ ಮತ್ತೆ ತಗಬೇಕು. ಹುಟ್ಟೋ ಮಗೀಗೆ ಬಂದ್ರೂ ಬಂತು, ಬರದಿದ್ರೂ ಇಲ್ಲ. ಬಂದ್ರೆ ಅದಕ್ಕೂ ಮಾತ್ರೆ ಐತಂತೆ. ಇಷ್ಟೇ ಕಣವ್ವ. ಬ್ಯಾಡ ಅಂದ್ರೆ ನಂಗೇನೂ ಕ್ವಾಪ ಇಲ್ಲ.”

ಹುಡುಗನ ಅಪ್ಪ ಕೇಸರಿಬಾತಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ. ಪುಟ್ಟಗೌರಮ್ಮ ಬಾಯಲ್ಲಿದ್ದ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದಳು.

“ಲೋ” ಎಂದಳು ಮಗನ ಕಡೆ ತಿರುಗಿ. “ಆ ತಟ್ಟೆ ಮೊದ್ಲೇ ಇಡ್ಬೇಕಾಗಿತ್ತು ನೀನು. ನೋಡವ್ವ ರುದ್ರಮ್ಮ, ನನ್ನ ಮಗಂಗೆ ಸಕ್ಕರೆ ಕಾಯಿಲೆ. ನಮ್ಮೆಜಮಾನ್ರಿಗೂ ಇತ್ತು. ಈ ಹುಡುಗಂಗೂ ನಾಳೆ ಬರಬೌದು. ನಿಮ್ಮ ಕೈಲಿ ಯೋಳ್ಬಾರ್ದು ಅಂತ ನಾನೇ ಎಲ್ರ ಬಾಯಿ ಮುಚ್ಚಿಸಿ ಕರ್ಕೊಂಡು ಬಂದಿದ್ದೆ. ನೀನು ಯೋಳ್ಬಿಟ್ಟೆ. ಇನ್ನು ನಾನು ಸುಮ್ಕೆ ಕೂತ್ರೆ ಶಿವ ಮೆಚ್ತಾನಾ?”

ಮೊದಲು ನಕ್ಕದ್ದು ಮಲ್ಲಿಕಾರ್ಜುನ್. ಆಮೇಲೆ ಪುಟ್ಟಬಸವಯ್ಯ ಹೊಟ್ಟೆ ಕುಲುಕಿಸಿ ನಕ್ಕ. ನಗು ಇಳಿಯುವ ಮೊದಲೇ ಇಬ್ಬರ ಕಡೆಯಿಂದಲೂ ಬರಬಾರದು ಎಂದ ಡಾಕ್ಟರ ಮಾತು ರುದ್ರಮ್ಮನಿಗೆ ನೆನಪಾಯಿತು. ಕೈ ಎತ್ತಿ, “ತಡೀರಿ. ಇನ್ನೂ ಮುಗೀಲಿಲ್ಲ. ಹುಡುಗ ಕಾಲುಚೀಲ ಬಿಚ್ಚಿ ಹಿಮ್ಮಡಿ ತೋರಿಸ್ಬೇಕು” ಎಂದಳು. ಹೆಣ್ಣು ನೋಡಲು ಬಂದ ಗಂಡಿನ ಕಾಲನ್ನು ಹೆಣ್ಣಿನ ತಾಯಿ ಪರೀಕ್ಷೆ ಮಾಡಿದ್ದು ಆ ಸೀಮೆಯಲ್ಲಿ ಅದೇ ಮೊದಲು. ಗುರುಮಲ್ಲೇಶ ಕೆಂಪಗಾಗಿ ಕಾಲುಚೀಲ ಎಳೆದ. ಹೆಬ್ಬೆರಳಿನ ಕಡೆ ತೂತು ಬಿದ್ದಿತ್ತು. ಬಾಗಿಲ ಹಿಂದೆ ರಮ್ಯ ಕಿಸಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ರುದ್ರಮ್ಮ ಕುಕ್ಕರುಗಾಲಲ್ಲಿ ಕೂತು ನರವನ್ನು ಬೆಣ್ಣೆ ನೋಡುವ ಹಾಗೆ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ನೋಡಿದಳು. “ಸಣ್ಣಗೈತೆ. ಆದ್ರೂ ನಾಳೆ ನಂಜನಗೂಡಿಗೆ ಬಂದು ರಕ್ತ ಕೊಡಪ್ಪ” ಎಂದಳು.

ಮಲ್ಲಿಕಾರ್ಜುನ್ ಎರಡೂ ಕೈಯಲ್ಲಿ ವೀಳ್ಯದ ತಟ್ಟೆ ಎತ್ತಿ ಅಜ್ಜಿಗೆ ಕೊಟ್ಟ. ಆಮೇಲೆ, “ರಮ್ಯ, ಒಂದ್ ಲೋಟ ನೀರು ತಾರವ್ವ” ಎಂದು ಕೂಗಿದ. ಅವಳು ನೀರಿನ ಜೊತೆಗೆ ಮಾತ್ರೆಯ ಶೀಟನ್ನೂ ತಂದಳು. ಎಲ್ಲರೆದುರಿಗೆ ನುಂಗಿದ.

ಹುಡುಗನ ರಕ್ತ ಸರಿಯಾಗಿತ್ತು, ಮದುವೆ ಆಯಿತು. ಡಾಕ್ಟರು ಮಲ್ಲಿಕಾರ್ಜುನನನ್ನು ಮೈಸೂರಿಗೆ ಕಳಿಸಿ ಹೃದಯವನ್ನೂ ನೋಡಿಸಿದಳು. ನಾಳ ಕಟ್ಟತೊಡಗಿದೆ, ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದರಂತೆ. ಮೂಟೆ ಹೊರುವುದು ನಿಂತಿತು, ಮಾತ್ರೆ ನಿಲ್ಲಲಿಲ್ಲ. ಎರಡು ವರ್ಷದ ಮೇಲೆ ಅವನಿಗೂ ಹೊರಗಿನ ಸಂಬಂಧ ನೋಡಿದರು. ಆ ಹುಡುಗಿಯ ಹಿಮ್ಮಡಿ ಒತ್ತಿದವಳು ಯಾರೆಂದು ಬೇರೆ ಹೇಳಬೇಕಿಲ್ಲ. ಅಲ್ಲಿಂದಾಚೆಗೆ ರುದ್ರಮ್ಮ ಸುಮ್ಮನೆ ಕೂರಲಿಲ್ಲ. ನಂಟರ ಮನೆಗಳಿಗೆ ಹುಡುಕಿಕೊಂಡು ಹೋಗಿ, ಕಣ್ಣು ಕಾಲು ನೋಡಿ, ಬಯ್ದು, ಕೈ ಹಿಡಿದು ಎಳೆದುಕೊಂಡು ಬಂದು ಇಂದ್ರಾಣಿಯ ಮುಂದೆ ಕೂರಿಸಿದಳು. ಕೆಲವರು ಅವಳನ್ನು ಕಂಡರೆ ಹಿತ್ತಲಿಂದ ಓಡಿದರು. ಓಡಿದವರ ಹಿಮ್ಮಡಿ ಇನ್ನೂ ಚೆನ್ನಾಗಿ ಕಾಣುತ್ತದೆ ಎಂದಳು ರುದ್ರಮ್ಮ.

ಎರಡು ಸಾವಿರದ ಎಂಟರ ಬೇಸಗೆಯಲ್ಲಿ ರಮ್ಯ ಮಗಳನ್ನು ಕರೆದುಕೊಂಡು ತಾಯಿಯ ತವರಿಗೆ ಬಂದಳು. ರುದ್ರಮ್ಮನೂ ಬಂದಿದ್ದಳು. ಮಲ್ಲಿಕಾರ್ಜುನನಿಗೆ ಆಗ ನಲವತ್ತೆರಡು. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು, ಅದಕ್ಕೆ ಕಪ್ಪು ಬಳಿದುಕೊಂಡು ಕನ್ನಡಿ ಹಿಡಿದು ಅಂಗಳದಲ್ಲಿ ಕೂತಿದ್ದ. ಮಗು ಆಲೆಮನೆಯ ಕಡೆಯಿಂದ ಬೆಲ್ಲದ ಕೈಯಲ್ಲಿ ಓಡಿ ಬಂದು, “ತಾತಾ!” ಎಂದು ಕೂಗಿತು.

“ಯಾರೇ ತಾತ? ಮಾವ ಅನ್ನೆ!” ಮಲ್ಲಿಕಾರ್ಜುನ್ ಕನ್ನಡಿ ಕೆಳಗಿಟ್ಟು ಸಿಡುಕಿದ. “ಬಣ್ಣ ಒಣಗೋಕೆ ಮುಂಚೆ ತಾತ ಅಂತೆ.”

ರಮ್ಯ ನಕ್ಕಳು. ರುದ್ರಮ್ಮ ನಗಲಿಲ್ಲ. ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತಳು. ಈ ಅಂಗಳದಲ್ಲಿ ಅವಳು ಹುಟ್ಟಿ ಬೆಳೆದಿದ್ದಳು. ಅಪ್ಪನ ಅಪ್ಪನನ್ನು ಅವಳು ಕಂಡಿರಲಿಲ್ಲ. ಅವಳ ಅಪ್ಪನನ್ನು ರಮ್ಯ ಕಂಡಿರಲಿಲ್ಲ. ಈ ಮನೆಯಲ್ಲಿ ಆ ಒಂದು ಪದವನ್ನು ಯಾವ ಮಗುವೂ ಯಾರನ್ನೂ ನೋಡಿ ಕೂಗಿದ್ದು ಅವಳು ಕೇಳಿಯೇ ಇರಲಿಲ್ಲ.

“ಅವ್ನ ಮಾತು ಕೇಳ್ಬ್ಯಾಡ ಮಗ” ಎಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದುವರಿಸಿದಳು. “ಇನ್ನೊಂದ್ಸಲ ಕೂಗು. ಬೀದಿಗೆಲ್ಲ ಕೇಳಂಗೆ ಕೂಗು.”

ಮಗು ಅಜ್ಜಿಯ ಮುಖ ನೋಡಿತು, ಉಸಿರು ತುಂಬಿಕೊಂಡಿತು, ಮತ್ತೆ ಕೂಗಿತು. ಮಲ್ಲಿಕಾರ್ಜುನ್ ಅಕ್ಕನನ್ನು ನೋಡಿದ. ಅವಳ ಕಣ್ಣು ಕಂಡು ಅವನ ಸಿಡುಕು ಎಲ್ಲಿ ಹೋಯಿತೋ.

“ಏನ್ ಮಗ” ಎಂದ. “ಇಲ್ಲೇ ಇವ್ನಿ ಬಾ.”